ನಮ್ಮ ದಿವಾನನ ವಾಯುವಿಹಾರ

ಆ ಭಾನುವಾರ ಬೆಳಿಗ್ಗೆ ಕೃಷ್ಣಮೂರ್ತಿಪುರಂನ ನಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ ಒಂದು ತುರ್ತು ಸಭೆ ಸೇರಿತ್ತು. ಹಾಜರಿದ್ದವರು ಇಷ್ಟು ಜನ: ಸೆರಗು ಸಿಕ್ಕಿಸಿಕೊಂಡು ಪೊರಕೆ ಹಿಡಿದು ನಿಂತಿದ್ದ ನನ್ನ ಹೆಂಡತಿ ಕಮಲ, ಮಡಿಯಲ್ಲಿದ್ದದ್ದರಿಂದ ಯಾರೂ ತಾಗದಂತೆ ಬಾಗಿಲ ಒಳಗಡೆಯೇ ಗೋಡೆಗೆ ಅಂಟಿಕೊಂಡು ಕುಳಿತಿದ್ದ ನಮ್ಮಮ್ಮ, ಕಾಂಪೌಂಡಿನ ಆಚೆಯಿಂದ ತಲೆ ಮಾತ್ರ ಈಚೆಗೆ ತೂರಿಸಿದ್ದ ಪಕ್ಕದ ಮನೆಯ ಶೇಷಗಿರಿರಾಯರು, ತಲೆಗೆ ಎಣ್ಣೆ ಹಚ್ಚಿಕೊಂಡು ಕಂಬಕ್ಕೆ ಒರಗಿದ್ದ ನನ್ನ ತಂಗಿ ವಿಮಲ. ಇವರೆಲ್ಲರ ನಡುವೆ, ಸುತ್ತಿಟ್ಟ ಹಾಸಿಗೆಯ ಹಾಗೆ ಬಿದ್ದುಕೊಂಡು, ತನಗೂ ಈ ಸಭೆಗೂ ಸಂಬಂಧವೇ ಇಲ್ಲವೆಂಬಂತೆ ಗೊರಕೆ ಹೊಡೆಯುತ್ತಿದ್ದವನು ದಿವಾನ.

ದಿವಾನ ಎಂದರೆ ನಮ್ಮ ನಾಯಿ. ದೇಶಕ್ಕೆ ಸ್ವಾತಂತ್ರ್ಯ ಬಂದು ಮೈಸೂರಿನಲ್ಲಿ ದಿವಾನಗಿರಿ ಮುಗಿದ ಕಾಲದಲ್ಲಿ ವಿಮಲ ಇದನ್ನು ಮರಿಯಾಗಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. "ಇನ್ನು ಆ ಹೆಸರು ಖಾಲಿ ತಾನೇ ಅಣ್ಣ? ಇದಕ್ಕೇ ಇಟ್ಬಿಡೋಣ" ಎಂದಿದ್ದಳು. ಹೀಗಾಗಿ ಸಂಸ್ಥಾನದಲ್ಲಿ ರದ್ದಾದ ಹುದ್ದೆ ನಮ್ಮ ಮನೆಯಲ್ಲಿ ಮುಂದುವರಿಯಿತು. ಅಧಿಕಾರವೂ ಮುಂದುವರಿಯಿತು. ನಾನು ಕೂರಬೇಕಾದ ಕುರ್ಚಿಯಲ್ಲಿ ದಿವಾನ ಕೂರುತ್ತಿದ್ದ. ನಾನು ದಿವಾನ ಕೂರಬೇಕಾದ ಮೆಟ್ಟಿಲ ಮೇಲೆ ಕೂರುತ್ತಿದ್ದೆ.

ಸಭೆಯ ವಿಷಯ ಒಂದೇ. ಅಂದು ಮಧ್ಯಾಹ್ನ ವಿಮಲಳನ್ನು ನೋಡಲು ಸರಸ್ವತಿಪುರಂನಿಂದ ಗಂಡಿನ ಕಡೆಯವರು ಬರುವವರಿದ್ದರು. ಭಾನುವಾರ ನಾಲ್ಕೂವರೆಗೆ ರಾಹುಕಾಲ ಬಂದುಬಿಡುವುದರಿಂದ ಅದಕ್ಕೆ ಮುಂಚೆಯೇ ನೋಡಿ, ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಒಂದು ಮಾತು ಹೇಳಿ ಹೋಗುತ್ತೇವೆ ಎಂದಿದ್ದರು. ಹುಡುಗ ಹೈಸ್ಕೂಲು ಮೇಷ್ಟ್ರು. ಒಳ್ಳೆಯವನಂತೆ. ಅವನ ತಂದೆ ಮಾತ್ರ ಹೋದ ಕಡೆಯೆಲ್ಲ ಹುಡುಗಿಯನ್ನು ನೋಡಿ, ಕಾರಣ ಕೇಳಿದರೆ ತುಟಿ ಪಿಟಕ್ಕೆನ್ನದೆ ಎದ್ದು ಬರುವವರಂತೆ. ತಂದೆಯಿಲ್ಲದ ತಂಗಿ. ಮದುವೆ ಮಾಡಿಸುವ ಹೊಣೆ ನನ್ನದು. ಹಿಂದಿನ ಸಲ ಬಂದವರು ಕಾಫಿಯನ್ನೂ ಕುಡಿಯದೆ ಓಡಿಹೋಗಿದ್ದರು. ಓಡಿಸಿದವನು ದಿವಾನ. ಆ ಹುಡುಗನ ಅಜ್ಜನವರ ಜರಿಪೇಟದ ತುದಿ ಇವನ ಬಾಯಲ್ಲಿತ್ತು. ಅಜ್ಜನವರು ಬೀದಿಯಲ್ಲಿದ್ದರು. ಪೇಟ ಇವರಿಬ್ಬರ ನಡುವೆ ಬಿಚ್ಚಿಕೊಂಡು ಉದ್ದಕ್ಕೂ ಹಾಸಿತ್ತು!

"ಅಮ್ಮಾ, ಅವನನ್ನ ಹಿತ್ತಲಲ್ಲಿ ಕಟ್ಟಿಹಾಕ್ಬಿಡೋಣ" ಎಂದೆ.

"ಕಟ್ಟಿಹಾಕಿದ್ರೆ ಊಳಿಡ್ತಾನೆ ಕಣೋ. ಹೆಣ್ಣು ನೋಡೋಕೆ ಬಂದ ಮನೇಲಿ ನಾಯಿ ಊಳಿಟ್ಟರೆ ಯಾರಾದ್ರೂ ಕೂರ್ತಾರಾ?" ಎಂದರು ಅಮ್ಮ.

"ನಾಯಿ ಡಾಕ್ಟ್ರು ಹೇಳಿದ್ದು ಮರೆತೋಯ್ತಾ ನಿಮಗೆ?" ಎಂದಳು ಕಮಲ. "ಈ ನಾಯಿಗೆ ಊಟ ಜಾಸ್ತಿ, ಓಡಾಟ ಇಲ್ಲ. ಮೈಯಲ್ಲಿರೋ ಶಕ್ತಿಯೆಲ್ಲ ಬೊಗಳೋದಕ್ಕೆ, ಜನರ ಮೇಲೆ ಹಾರೋದಕ್ಕೆ ಖರ್ಚಾಗ್ತಿದೆ. ದಿನಾ ಚೆನ್ನಾಗಿ ವ್ಯಾಯಾಮ ಮಾಡಿಸಿ ಅಂದ್ರು. ನೀವು ತಲೆಯಾಡಿಸಿದ್ರಿ. ಒಂದು ದಿನವಾದ್ರೂ ಬೀದಿ ಕೊನೆ ತನಕ ಕರ್ಕೊಂಡು ಹೋಗಿದ್ದೀರಾ?"

ನಾನು ಸರ್ಕಾರಿ ಕಛೇರಿಯ ಗುಮಾಸ್ತ. ತಲೆಯಾಡಿಸುವುದು ನನ್ನ ಉದ್ಯೋಗ. ಆದರೆ ಅಂದು ನನ್ನಲ್ಲಿ ಒಂದು ಹುರುಪು ಹುಟ್ಟಿತು. ಬೆಳಗಿನಿಂದ ಮಧ್ಯಾಹ್ನದ ತನಕ ದಿವಾನನನ್ನು ಓಡಿಸಿ, ಓಡಿಸಿ, ದಣಿಸಿಬಿಟ್ಟರೆ? ಮನೆಗೆ ಬಂದು ಬಿದ್ದವನು ಮಾರನೆಯ ದಿನದ ತನಕ ಏಳುವುದಿಲ್ಲ! ಬೀಗರು ಬಂದು, ತಿಂದು, ಒಪ್ಪಿ ಹೋಗಿರುತ್ತಾರೆ. ನಾಯಿಗೆ ವ್ಯಾಯಾಮವೂ ಆಯಿತು, ತಂಗಿಗೆ ಮದುವೆಯೂ ಆಯಿತು.

"ಒಂದು ನಾಯಿಗೆ ವ್ಯಾಯಾಮ ಮಾಡಿಸೋದು ಏನು ಮಹಾ!" ಎಂದೆ, ಎದೆಯುಬ್ಬಿಸಿ.

ದಿವಾನ ಒಂದು ಕಣ್ಣು ತೆರೆದು ನನ್ನನ್ನು ನೋಡಿದ. ಮತ್ತೆ ಮುಚ್ಚಿದ.

ಕಾಂಪೌಂಡಿನ ಮೇಲಿದ್ದ ತಲೆ ಮಾತಾಡಿತು. ಶೇಷಗಿರಿರಾಯರು ಅರಮನೆಯ ಲಾಯದ ಕಛೇರಿಯಲ್ಲಿ ಹುರುಳಿಯ ಲೆಕ್ಕ ಬರೆಯುತ್ತಿದ್ದು ನಿವೃತ್ತರಾದವರು. ಜೀವಮಾನದಲ್ಲಿ ಕುದುರೆ ಹತ್ತಿದವರಲ್ಲ. ಆದರೆ ನಾಲ್ಕು ಕಾಲಿನ ಯಾವ ಪ್ರಾಣಿಯ ವಿಷಯ ಬಂದರೂ, ಮಂಚದ ವಿಷಯವಾದರೂ ಸರಿ, ಅವರ ಅಪ್ಪಣೆಯಿಲ್ಲದೆ ನಮ್ಮ ಬೀದಿಯಲ್ಲಿ ಏನೂ ನಡೆಯುವಂತಿರಲಿಲ್ಲ.

"ಹಗ್ಗ ಕೈಯಲ್ಲಿ ಹಿಡ್ಕೋಬೇಡಿ ಕಣ್ರೀ. ಮಣಿಕಟ್ಟಿಗೆ ಸುತ್ತಿ ಗಂಟು ಹಾಕ್ಕೊಳ್ಳಿ. ನಮ್ಮ ಲಾಯದಲ್ಲಿ ಅದೇ ಪದ್ಧತಿ. ಪ್ರಾಣಿ ಏನು ಮಾಡಿದ್ರೂ ನಿಮ್ಮನ್ನ ಬಿಟ್ಟು ಹೋಗೋಕೆ ಆಗಬಾರದು."

ಅವರೇ ಗೋಡೆಯ ಮೇಲಿಂದ ಬಗ್ಗಿ ಗಂಟು ಹಾಕಿದರು. ಆ ಗಂಟನ್ನು ನಾನು ಎಷ್ಟು ಜನ್ಮ ಎತ್ತಿದರೂ ಮರೆಯಲಾರೆ.

ಹೊರಡುವಾಗ ಅಮ್ಮ ವಿಮಲಳಿಗೆ ಪಾಠ ಹೇಳುತ್ತಿದ್ದರು. ನನ್ನ ತಂಗಿಯಲ್ಲಿ ಯಾವ ಐಬೂ ಇರಲಿಲ್ಲ. ಧ್ವನಿ ಮಾತ್ರ ಸ್ವಲ್ಪ ದೊಡ್ಡದು. ಸ್ವಲ್ಪ ಎಂದರೆ, ಅವಳು ಹಿತ್ತಲಿನಲ್ಲಿ ನಿಂತು ಹೂವಿನವಳನ್ನು ಕರೆದರೆ ಮುಂದಿನ ಬೀದಿಯಲ್ಲಿ ಹೋಗುವ ಜಟಕಾ ಕುದುರೆ ನಿಲ್ಲುತ್ತಿತ್ತು. "ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಕಣೇ. ಮೆಲ್ಲಗೆ. ಪಕ್ಕದಲ್ಲಿ ಕೂತೋರಿಗೂ ಕೇಳಿಸಬಾರದು, ಅಷ್ಟು ಮೆಲ್ಲಗೆ."

"ಕೇಳಿಸದೇ ಇದ್ರೆ ಮಾತಾಡೋದು ಯಾಕಮ್ಮಾ?" ಎಂದಳು ವಿಮಲ. ಎದುರು ಮನೆಯವರು ಕಿಟಕಿ ತೆರೆದು ನೋಡಿದರು.

ಮೊದಲು ಕಾಲ್ನಡಿಗೆ ಎಂದುಕೊಂಡು ಹೊರಟೆ. ನಮ್ಮ ಬೀದಿಯ ಹೆಂಗಸರಿಗೆ ದಿವಾನನೆಂದರೆ ಪ್ರಾಣ ಎಂಬುದು ನನಗೆ ಗೊತ್ತಿರಲಿಲ್ಲ. ಒಂದು ಗೇಟಿನ ಮುಂದೆ ಕುಳಿತ, ದೋಸೆ ಬಂತು. ಇನ್ನೊಂದರ ಮುಂದೆ ಕುಳಿತ, ಕೋಡುಬಳೆ ಬಂತು. ಮೂಲೆಮನೆ ಪುಟ್ಟತಾಯಮ್ಮನವರು ಮೊಸರನ್ನದ ತಟ್ಟೆಯನ್ನೇ ಹಿಡಿದುಕೊಂಡು ಬಂದು, "ಅಯ್ಯೋ ಕಂದ, ನಿನ್ನೆ ಯಾಕೆ ಬರ್ಲಿಲ್ಲ?" ಎಂದು ವಿಚಾರಿಸಿದರು. ದಂಗಾಗಿಹೋದೆ! ನಾನು ಕಛೇರಿಗೆ ಹೋದ ಮೇಲೆ ಈ ಮಹಾಶಯನ ಸರ್ಕೀಟು ಹೀಗೆ ನಡೆಯುತ್ತಿತ್ತೇ? ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ಅವನು ಹೊರಟಾಗಿನದಕ್ಕಿಂತ ದಪ್ಪಗಿದ್ದ. ಹೊಟ್ಟೆ ಹಸಿದಿದ್ದದ್ದು ನನಗೆ.

ವಾಪಸು ಬಂದು ಬೈಸಿಕಲ್ ತೆಗೆದೆ. ಹಗ್ಗ ಮಣಿಕಟ್ಟಿನಲ್ಲಿ, ಕೈ ಹ್ಯಾಂಡಲ್ಲಿನ ಮೇಲೆ, ಕಾಲು ಪೆಡಲಿನ ಮೇಲೆ. ಗಂಟೆ ಬಾರಿಸಿ ರಭಸದಿಂದ ತುಳಿದೆ. ಬೈಸಿಕಲ್ ಮುಂದಕ್ಕೆ ಹೋಯಿತು. ದಿವಾನ ಕುಳಿತ.

ನಾನು ಕಾಲುವೆಯಲ್ಲಿದ್ದೆ.

"ನಾಯಿ ಬೈಸಿಕಲ್ಲನ್ನ ಗೌರವಿಸಲ್ಲ ಕಣ್ರೀ" ಎಂದರು ಗೋಡೆಯ ಮೇಲಿನ ರಾಯರು. "ಅದಕ್ಕೆ ಮುಂದೆ ಒಂದು ಪ್ರಾಣಿ ಓಡ್ತಿರಬೇಕು. ಲಾಯದಲ್ಲಿ ಎಳೆ ಕುದುರೆಗಳನ್ನ ಹಳೇ ಕುದುರೆ ಹಿಂದೆ ಓಡಿಸೋರು. ಜಟಕಾ ಮಾಡಿ. ನೀವು ಮೇಲೆ ಕೂತ್ಕೊಳ್ಳಿ, ಅದು ಹಿಂದೆ ಓಡಿಬರುತ್ತೆ. ಬೆಟ್ಟದ ಪಾದದ ತನಕ ಹೋಗಿಬನ್ನಿ. ಆಮೇಲೆ ಅದು ಎದ್ದರೆ ನನ್ನ ಹೆಸರು ಶೇಷಗಿರಿ ಅಲ್ಲ!"

ಎಷ್ಟು ಸುಲಭ! ನಾನು ಕೂರುವುದು, ನಾಯಿ ಓಡುವುದು. ಬೀದಿ ತುದಿಯಲ್ಲಿ ನಿಂತಿದ್ದ ಇಮಾಂ ಸಾಬಿಯ ಜಟಕಾ ಮಾಡಿದೆ.

ನಾನು ಹಿಂದಿನಿಂದ ಹತ್ತಿ ಹುಲ್ಲಿನ ಮೆತ್ತೆಯ ಮೇಲೆ ಕುಳಿತೆನೋ ಇಲ್ಲವೋ, ಬೆನ್ನ ಹಿಂದೆ ಧೊಪ್ಪೆಂದಿತು. ನೋಡಿದರೆ ದಿವಾನ ಪಕ್ಕದಲ್ಲಿ ಕುಳಿತಿದ್ದ! ಬೆಳಗಿನಿಂದ ನಾಲ್ಕು ಮಾರು ಓಡದವನು ಒಂದೇ ನೆಗೆತಕ್ಕೆ ಜಟಕಾ ಹತ್ತಿದ್ದ. ಗಾಡಿಯ ಹಿಂಭಾಗ ಕೆಳಕ್ಕೆ ಕುಸಿಯಿತು, ಮೂಕಿ ಮೇಲಕ್ಕೆದ್ದಿತು, ಕುದುರೆಯ ಮುಂಗಾಲು ನೆಲ ಬಿಡುವ ಹಾಗಾಯಿತು.

"ಮುಂದೆ ಸರೀರಿ ಸಾಮಿ, ಮುಂದೆ ಸರೀರಿ! ಕುದ್ರೆ ಮ್ಯಾಕ್ ಹೋಗ್ತದೆ!" ಎಂದು ಕೂಗಿದ ಇಮಾಂ ಸಾಬಿ.

ನಾನು ಮುಂದೆ ಸರಿದೆ. ದಿವಾನ ಸರಿಯಲಿಲ್ಲ. ಇಳಿಸಲು ಎಳೆದೆ. ಅವನು ಮೆತ್ತೆಯೊಳಗೆ ಬೇರು ಬಿಟ್ಟ. ಏರುದಾರಿ ಬಂದಾಗ ಕುದುರೆ ನಿಂತೇಬಿಟ್ಟಿತು.

"ಇಬ್ಬರಲ್ಲಿ ಒಬ್ಬರು ಇಳೀಬೇಕು ಸಾಮಿ" ಎಂದ ಇಮಾಂ ಸಾಬಿ, ನಮ್ಮಿಬ್ಬರ ಮುಖವನ್ನೂ ಸಮನಾಗಿ ನೋಡುತ್ತ.

ಇಳಿದವನು ನಾನು. ಹಗ್ಗ ನನ್ನ ಮಣಿಕಟ್ಟಿನಲ್ಲಿ. ಅದರ ಇನ್ನೊಂದು ತುದಿ ಜಟಕಾದಲ್ಲಿ. ಹಗುರಾದ ಗಾಡಿ ಜೋರಾಗಿ ಹೊರಟಿತು. ನಾನು ಹಿಂದೆ ಓಡಿದೆ. ದಾರಿಯಲ್ಲಿ ನಮ್ಮ ಕಛೇರಿಯ ಸೂಪರಿಂಟೆಂಡೆಂಟರು ಸಂಸಾರ ಸಮೇತ ಎದುರಾದರು. ದಿವಾನ ಅವರನ್ನು ಗಂಭೀರವಾಗಿ ನೋಡಿದ. ನಾನು ಓಡುತ್ತಲೇ ನಮಸ್ಕಾರ ಮಾಡಿದೆ. ಅವರು ಯಾರಿಗೆ ಪ್ರತಿನಮಸ್ಕಾರ ಮಾಡಿದರೋ ಇಂದಿಗೂ ನನಗೆ ಗೊತ್ತಾಗಿಲ್ಲ.

ಬೆಟ್ಟದ ರಸ್ತೆಗೆ ತಿರುಗುವಲ್ಲಿ ಇಮಾಂ ಸಾಬಿ ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿಸಿದ. ತಮಟೆಯ ಸದ್ದು, ಶಂಖದ ಸದ್ದು. ದೇವರಾಜ ಮೊಹಲ್ಲಾದ ಕಡೆಯಿಂದ ಒಂದು ಶವಯಾತ್ರೆ ಬರುತ್ತಿತ್ತು. ಮಾರ್ಕೆಟ್ಟಿನಲ್ಲಿ ದೊಡ್ಡ ವೀಳ್ಯದೆಲೆ ಮಂಡಿ ಇಟ್ಟಿದ್ದ ಹಿರಿಯರಂತೆ. ಹೂವಿನಲ್ಲಿ ಮುಚ್ಚಿದ ಚಟ್ಟ, ಹಿಂದೆ ದೊಡ್ಡ ಜನಸಾಗರ, ಮುಂದೆ ಹಿಡಿ ಹಿಡಿ ಪುರಿ ಎರಚುತ್ತ ಹೋಗುವವರು.

ಹೆಣ ಎದುರಾದರೆ ಏನು ಮಾಡಬೇಕೆಂದು ನಮ್ಮ ತಂದೆ ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದರು. ಯಾರದಾದರೂ ಸರಿ, ಚಪ್ಪಲಿ ಬಿಟ್ಟು, ಕೈಮುಗಿದು, ಅವರ ಜೊತೆ ನಾಲ್ಕು ಹೆಜ್ಜೆ ಹಾಕಿ, ನಿಂತು, ಬೀಳ್ಕೊಡಬೇಕು. ನಾನು ಚಪ್ಪಲಿ ಬಿಟ್ಟೆ. ಕೈಮುಗಿದೆ. ನಾಲ್ಕು ಹೆಜ್ಜೆ ಹಾಕಿದೆ.

ದಿವಾನನ ಕಣ್ಣಿಗೆ ಪುರಿ ಬಿತ್ತು!

ಅವನು ಜಟಕಾದಿಂದ ಹಾರಿದ್ದು ಗೊತ್ತಾಗಲಿಲ್ಲ. ನನ್ನ ಕೈ ನನಗಿಂತ ಮುಂಚೆ ಹೊರಟಿತು. ನೆಲದ ಮೇಲಿನ ಪುರಿ ಮುಗಿದಂತೆ ಮುಂದಿನ ಹಿಡಿ ಬೀಳುತ್ತಿತ್ತು, ಅದು ಮುಗಿದಂತೆ ಅದರ ಮುಂದಿನದು. ಆ ದಾರಿಯೆಲ್ಲ ದಿವಾನನಿಗೆ ಹಾಸಿದ ಊಟದ ಎಲೆ. ಗಂಟು ಬಿಚ್ಚೋಣವೆಂದರೆ ಲಾಯದ ಗಂಟು. ಎಳೆದಷ್ಟೂ ಬಿಗಿಯಾಯಿತು. "ದಿವಾನ, ಬಾರೋ!" ಎಂದು ಗದರೋಣವೆಂದರೆ, ಹೆಣದ ಮುಂದೆ ನಾಯಿಯನ್ನು ಗದರುವುದು ಹೇಗೆ? ಕೈಮುಗಿದುಕೊಂಡೇ ನಡೆದೆ. ಬರಿಗಾಲು, ಕಾದ ಜಲ್ಲಿರಸ್ತೆ. ಒಂದು ಕಲ್ಲು ಹೆಬ್ಬೆರಳಿಗೆ ಬಡಿದು ನನ್ನ ಕಣ್ಣಲ್ಲಿ ದಳದಳನೆ ನೀರು ಬಂತು.

"ಪಾಪ, ಸಾಮೇರು ಎಂಗ್ ಅಳ್ತಾವ್ರೆ ನೋಡ್ಲಾ" ಎಂದರು ಪಕ್ಕದಲ್ಲಿದ್ದವರು ಯಾರೋ. "ಯಜಮಾನ್ರಿಗೆ ಬೋ ಬೇಕಾದೋರು ಅಂತ ಕಾಣ್ತದೆ."

"ಇಲ್ಲ... ನಾನು... ಈ ನಾಯಿ..." ಎಂದು ಬಿಕ್ಕಿದೆ.

ನಾಯಿ ಎಂದದ್ದೇ ತಡ, ಮುಂದೆ ಮಡಕೆ ಹಿಡಿದು ನಡೆಯುತ್ತಿದ್ದ ಹಿರಿಮಗ ತಿರುಗಿ ನೋಡಿದ. ದಿವಾನ ಪುರಿ ತಿನ್ನುತ್ತಿದ್ದ. ಆ ಮನುಷ್ಯ ದಾರಿಯಲ್ಲೇ ನಿಂತು ಗೊಳೋ ಎಂದು ಅತ್ತುಬಿಟ್ಟ.

"ನಮ್ಮಪ್ಪ ದಿನಾ ಬೆಳಿಗ್ಗೆ ಮಂಡಿ ಬಾಗ್ಲು ತೆಗೆಯೋಕ್ ಮುಂಚೆ ಬೀದಿ ನಾಯಿಗಳಿಗೆಲ್ಲ ಪುರಿ ಆಕೋರು. ಒಂದೂ ಬರ್ಲಿಲ್ವಲ್ಲ ಅಂತ ಮನಸ್ನಾಗೇ ಕೊರಗ್ತಿದ್ದೆ. ಬಂದ್ಬುಡ್ತಲ್ಲ! ಬಂದ್ಬುಡ್ತಲ್ಲ!"

ಇಡೀ ಮೆರವಣಿಗೆ ಕಣ್ಣೊರೆಸಿಕೊಂಡಿತು. ಹೇಳಿ ಸ್ವಾಮಿ, ಅಂಥ ಹೊತ್ತಿನಲ್ಲಿ "ಇದು ಕೃಷ್ಣಮೂರ್ತಿಪುರಂ ನಾಯಿ, ವ್ಯಾಯಾಮಕ್ಕೆ ಕರೆತಂದಿದ್ದೇನೆ" ಎನ್ನಲು ನಿಮಗೆ ಬಾಯಿ ಬರುತ್ತಿತ್ತೇ? ನನಗೆ ಬರಲಿಲ್ಲ. ನಾನು ತಲೆಯಾಡಿಸಿದೆ. ಮೊದಲೇ ಹೇಳಿದೆನಲ್ಲ, ಉದ್ಯೋಗದ ಅಭ್ಯಾಸ.

ಅಷ್ಟರಲ್ಲಿ ಚಟ್ಟ ಹೊತ್ತವರಲ್ಲಿ ಒಬ್ಬ ಮುದುಕನ ಕಾಲು ತಡವರಿಸಿತು. "ಸಾಮೇ, ವಸಿ ಎಗಲು ಕೊಡಿ" ಎಂದ. ಸಾವಿನ ಮನೆಯವರು ಹೆಗಲು ಕೇಳಿದರೆ ಕೊಡುವುದಿಲ್ಲವೆನ್ನುವುದು ಎಲ್ಲಾದರೂ ಉಂಟೇ? ಕೊಟ್ಟೆ. ಆ ಹಿರಿಯರು ವೀಳ್ಯದೆಲೆಯ ವ್ಯಾಪಾರಿಯಾದರೂ ಮೈಕಟ್ಟಿನಲ್ಲಿ ಕಬ್ಬಿಣದ ವ್ಯಾಪಾರಿಯ ಹಾಗಿದ್ದರು. ಹೆಗಲ ಮೇಲೆ ಅವರು, ಮಣಿಕಟ್ಟಿನಲ್ಲಿ ದಿವಾನ, ಕಾಲಡಿಯಲ್ಲಿ ಜಲ್ಲಿ. ಅಂದು ಬೆಳಿಗ್ಗೆ ನಾಯಿಗೆಂದು ನಾನು ಯೋಚಿಸಿದ್ದ ವ್ಯಾಯಾಮವೆಲ್ಲ ಒಂದೂ ಬಿಡದೆ ನನಗೇ ದೊರಕಿತು.

ಬೆಟ್ಟದ ತಪ್ಪಲಿನ ಸ್ಮಶಾನದಲ್ಲಿ ಕೆಲಸ ಮುಗಿಯುವ ತನಕ ಬಿಡಿಸಿಕೊಳ್ಳಲಾಗಲಿಲ್ಲ. ಎಲ್ಲರ ಜೊತೆ ಬಾವಿಯ ಹತ್ತಿರ ತಲೆಗೆ ನೀರು ಹೊಯ್ದುಕೊಂಡೆ. ಅಂಗಿ ಒದ್ದೆ, ಪಂಚೆ ಒದ್ದೆ. ದಿವಾನನಿಗೆ ಮಾತ್ರ ಯಾರೋ ಪುಣ್ಯಾತ್ಮರು ಎಳನೀರು ಒಡೆದು ಕೊಟ್ಟರು. ಆಗ ಸೂರ್ಯ ಇಳಿಯುತ್ತಿರುವುದು ಕಣ್ಣಿಗೆ ಬಿತ್ತು. ಬೀಗರು!

ಜಟಕಾ ಇರಲಿಲ್ಲ. ನಡೆದೆ, ಓಡಿದೆ, ಕುಂಟಿದೆ. ಹಿತ್ತಲ ಓಣಿಯಿಂದ ಸದ್ದಿಲ್ಲದೆ ಹೊಕ್ಕು, ಬಟ್ಟೆ ಬದಲಿಸಿ, ಮುಗುಳ್ನಗುತ್ತ ನಡುಮನೆಗೆ ಬರುವುದು ನನ್ನ ಯೋಜನೆಯಾಗಿತ್ತು.

ಅತ್ತ ನಮ್ಮ ಬೀದಿಯಲ್ಲಿ ಏನಾಗಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ಇಮಾಂ ಸಾಬಿ ಪ್ರಾಮಾಣಿಕ ಮನುಷ್ಯ. ನಾನು ಬಿಟ್ಟ ಚಪ್ಪಲಿಗಳನ್ನು ಜೋಪಾನವಾಗಿ ತಂದು, ನಮ್ಮ ಮನೆಯಲ್ಲಿ ನೆಂಟರ ಗದ್ದಲ ಕಂಡು, ಪಕ್ಕದ ರಾಯರ ಕೈಗೆ ಕೊಟ್ಟಿದ್ದ. "ಸಾಮಿ ಒಂದು ಹೆಣ ನೋಡಿದ್ರು, ಚಪ್ಪಲಿ ಬಿಟ್ರು, ಅಳ್ತಾ ಅಳ್ತಾ ಹಿಂದೇನೇ ಓಡಿದ್ರು" ಎಂದಿದ್ದ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ! ನಮ್ಮ ಬಂಧುಗಳಲ್ಲೇ ಯಾರೋ ಹೋಗಿದ್ದಾರೆ ಎಂದು ರಾಯರು ತೀರ್ಮಾನಿಸಿದರು. ಹೆಂಗಸರಿಗೆ ತಾವಾಗಿ ಹೇಳುವುದು ಸಭ್ಯತೆಯಲ್ಲವೆಂದು ನನ್ನ ಚಪ್ಪಲಿಗಳನ್ನು ಮುಂದಿಟ್ಟುಕೊಂಡು ತಮ್ಮ ಜಗಲಿಯಲ್ಲಿ ಶೋಕದಿಂದ ಕುಳಿತಿದ್ದರು.

ನಾನು ಓಣಿಗೆ ತಿರುಗುವುದರಲ್ಲಿದ್ದೆ. ಗಾಳಿಯಲ್ಲಿ ಬಜ್ಜಿಯ ವಾಸನೆ ಬಂತು. ದಿವಾನ ಮುಂಬಾಗಿಲ ಕಡೆಗೆ ಹೊರಟ. ನಾನೂ ಹೊರಟೆ. ಲಾಯದ ಗಂಟು!

ಗೇಟು ತೆರೆದುಕೊಂಡಿತು. ಜಗಲಿಯ ಮೇಲೆ ಗಂಡಿನ ಕಡೆಯವರು ಕುಳಿತಿದ್ದರು. ಹುಡುಗ, ಅವನ ತಾಯಿ, ಕೋಟು ಪೇಟ ಧರಿಸಿದ ತಂದೆ ಅನಂತರಾಮಯ್ಯನವರು. ಕಮಲ ಬಜ್ಜಿಯ ತಟ್ಟೆ ಹಿಡಿದಿದ್ದಳು. ಒಳಬಾಗಿಲ ಬಳಿ ರೇಷ್ಮೆ ಸೀರೆಯುಟ್ಟ ವಿಮಲ ತಲೆ ತಗ್ಗಿಸಿ ನಿಂತಿದ್ದಳು. ಅವಳು ಏನು ಹೇಳಿದ್ದಳೋ ಏನೋ, ಅಮ್ಮ ಹೇಳಿಕೊಟ್ಟ ಧ್ವನಿಯಲ್ಲಿ ಹೇಳಿದ್ದರಿಂದ ಯಾರಿಗೂ ಕೇಳಿಸಿರಲಿಲ್ಲ. ಅನಂತರಾಮಯ್ಯನವರು ಮುಖ ಗಂಟಿಕ್ಕಿಕೊಂಡು ಎದ್ದು ಹೊರಡುವ ಹಾಗೆ ಕೋಲು ಹುಡುಕುತ್ತಿದ್ದರು. ಅವರ ಕಣ್ಣೆದುರಿಗೆ ತಲೆಯಿಂದ ಕಾಲಿನ ತನಕ ನೀರು ಸುರಿಸುತ್ತ, ಬರಿಗಾಲಲ್ಲಿ, ಅಂಗಿಯ ತುಂಬ ಹೂವಿನ ಎಸಳು ಅಂಟಿಸಿಕೊಂಡು ನಾನು ನಿಂತೆ. ಮಸಣಕ್ಕೆ ಹೋಗಿ ಬಂದವನು ಮನೆಯಲ್ಲಿ ಇನ್ನೊಮ್ಮೆ ಮೀಯದೆ ಹೊಸ್ತಿಲು ದಾಟುವಂತಿಲ್ಲ. ಗೇಟಿನಲ್ಲೇ ನಿಂತೆ.

ನನ್ನ ರೂಪ ಕಂಡದ್ದೇ ತಡ, ಪಕ್ಕದ ಜಗಲಿಯಿಂದ ರಾಯರು ಚಪ್ಪಲಿಗಳನ್ನು ಎದೆಗವಚಿಕೊಂಡು ಓಡಿಬಂದರು.

"ಅಯ್ಯಯ್ಯೋ! ಯಾರು ಹೋದ್ರಪ್ಪಾ? ಕೆಲಸ ಎಲ್ಲ ಮುಗಿಸೇ ಬಂದ್ರಾ?"

ಒಳಗಿನಿಂದ ಅಮ್ಮ ಚೀರಿದರು. "ಹುಣಸೂರಿನ ನನ್ನ ತಮ್ಮನೇ ಹೋದ್ನೇನೋ! ಹೋದ ವಾರ ಮಂಡಿನೋವು ಅಂತಿದ್ನಲ್ಲೋ!"

ಕಮಲಳ ಕೈಯಿಂದ ತಟ್ಟೆ ಬಿತ್ತು. ಬಜ್ಜಿಗಳು ಜಗಲಿಯ ತುಂಬ ಉರುಳಿದವು. ಹುಡುಗನ ತಾಯಿ ಧಿಗ್ಗನೆ ಎದ್ದು ನಿಂತರು. "ಸೂತಕದ ಮನೇಲಿ ಎಂಥ ಹೆಣ್ಣು ನೋಡೋದು! ಶಿವ ಶಿವ! ಏಳಿ, ಏಳಿ!"

ಅನಂತರಾಮಯ್ಯನವರು ಮಾತ್ರ ಏಳಲಿಲ್ಲ. ಎಲ್ಲರ ಬಾಯಿಯನ್ನೂ ಸರದಿಯಂತೆ ನೋಡಿ, "ಏನಂತೆ? ಏನಂತೆ?" ಎಂದರು.

ಅವರ ಹೆಂಡತಿ ಬಗ್ಗಿ ಕಿವಿಯ ಹತ್ತಿರ, "ಸೂತಕವಂತೆ! ಇವರ ಮನೇಲಿ ಯಾರೋ ಹೋದ್ರಂತೆ!" ಎಂದರು.

"ಯಾವ ಊರಿಗೆ?" ಎಂದರು ಅನಂತರಾಮಯ್ಯನವರು.

ನಾನು ಬಾಯಿ ತೆರೆದೆ. ಆದರೆ ಓಡಿ ಓಡಿ ನನ್ನಲ್ಲಿ ಉಸಿರೇ ಉಳಿದಿರಲಿಲ್ಲ. "ಪುರಿ... ದಿವಾನ... ಮಂಡಿ..." ಎಂದೆ. ಮಂಡಿ ಎಂದದ್ದು ಕೇಳಿ ಅಮ್ಮ ಇನ್ನೂ ಜೋರಾಗಿ ಅತ್ತರು. ಹುಡುಗ ತಾಯಿಯ ಚಪ್ಪಲಿ ಹುಡುಕುತ್ತಿದ್ದ. ಕಮಲ ನನ್ನನ್ನು ನೋಡಿದಳು. ಆ ನೋಟ ಇನ್ನೂ ಭಯಂಕರ. ಕಣ್ಣೆದುರಿಗೇ ನನ್ನ ತಂಗಿಯ ಇನ್ನೊಂದು ಸಂಬಂಧ ಮೆಟ್ಟಿಲಿಳಿದು ಹೋಗುತ್ತಿತ್ತು.

ದಿವಾನನಿಗೆ ಈ ಚಿಂತೆಯಿರಲಿಲ್ಲ. ದಣಿವೂ ಇರಲಿಲ್ಲ! ಜಟಕಾ ಸವಾರಿ, ಒಂದು ಹೊಟ್ಟೆ ಪುರಿ, ಎಳನೀರು. ಜೀವನದಲ್ಲಿ ಎಂದೂ ಇಲ್ಲದಷ್ಟು ಹುರುಪಿನಲ್ಲಿದ್ದ. ಉರುಳಿದ ಬಜ್ಜಿಗಳನ್ನು ಕಂಡು ಜಗಲಿಗೆ ಹಾರಿದ. ಹಗ್ಗದ ಈ ತುದಿಯಲ್ಲಿದ್ದ ನಾನು ಗೇಟಿನಿಂದ ಮೆಟ್ಟಿಲ ತನಕ ಮುಗ್ಗರಿಸಿ ಬಂದು ಬಿದ್ದೆ. ಬಜ್ಜಿ ಮುಗಿಸಿದ ದಿವಾನ ತಲೆಯೆತ್ತಿದ. ಅನಂತರಾಮಯ್ಯನವರ ಪೇಟದ ಜರಿ ಬಿಸಿಲಿಗೆ ಫಳಫಳಿಸಿತು. ದಿವಾನ ಹಿಂಗಾಲು ಮಡಿಸಿದ.

ಆಗ ನನ್ನ ತಂಗಿ ತಗ್ಗಿಸಿದ್ದ ತಲೆಯೆತ್ತಿದಳು.

"ದಿವಾನಾ! ಕೂತ್ಕೋ!"

ದಿವಾನ ಕೂತ. ಎದ್ದು ನಿಂತಿದ್ದ ಹುಡುಗನ ತಾಯಿ ಕೂತರು. ಮೆಟ್ಟಿಲಿಳಿಯುತ್ತಿದ್ದ ಹುಡುಗ ಅಲ್ಲೇ ಕೂತ. ಶೇಷಗಿರಿರಾಯರು ನನ್ನ ಚಪ್ಪಲಿಗಳ ಸಮೇತ ಕೂತರು. ನಾನು ಬಿದ್ದಲ್ಲೇ ಎದ್ದು ಕೂತೆ.

ವಿಮಲ ಒಳಗೆ ಹೋಗಿ ಒಂದು ಕೊಡ ನೀರು ಹೊತ್ತು ತಂದಳು. ರೇಷ್ಮೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಅಮ್ಮ ಹೇಳಿಕೊಟ್ಟ ಪಾಠವೆಲ್ಲ ಅಲ್ಲಿಗೆ ಮುಗಿಯಿತು.

"ಯಾರೂ ಸತ್ತಿಲ್ಲ ಕಣ್ರೀ ನಮ್ಮ ಮನೇಲಿ! ಸತ್ತಿದ್ರೆ ನಮ್ಮಣ್ಣ ಹೀಗೆ ಕೂತಿರ್ತಿದ್ನಾ? ಅಣ್ಣಾ, ಬಾಯ್ಬಿಟ್ಟು ಹೇಳು, ಯಾರ ಹೆಣದ ಹಿಂದೆ ಹೋಗಿದ್ದೆ?"

"ಗೊತ್ತಿಲ್ಲ" ಎಂದೆ.

"ಗೊತ್ತಿಲ್ಲದವರ ಹೆಣಕ್ಕೆ ಹೆಗಲು ಕೊಟ್ಟೆಯಾ?"

"ಕೇಳಿದ್ರು. ಕೊಟ್ಟೆ."

"ನಾಯಿಗೆ ವ್ಯಾಯಾಮ ಮಾಡಿಸು ಅಂದ್ರೆ ಯಾರಾದ್ರೂ ಹೀಗೆ ಮಾಡ್ತಾರಾ?" ಎಂದವಳೇ ಕೊಡವನ್ನೆತ್ತಿ ನನ್ನ ತಲೆಯ ಮೇಲೆ ಸುರಿದಳು. "ಸೂತಕ ಇಲ್ಲ ಅಂತ ಎಲ್ಲರಿಗೂ ಗೊತ್ತಾಯ್ತಾ? ಅಮ್ಮಾ, ಅಳು ನಿಲ್ಸು! ಮಾವ ಹುಣಸೂರಲ್ಲಿ ಗಟ್ಟಿಮುಟ್ಟಾಗಿದ್ದಾನೆ!"

ಹುಣಸೂರಿಗೂ ಕೇಳಿಸಿರಬೇಕು.

ಮುಗಿಯಿತು ಕಥೆ ಎಂದುಕೊಂಡು ನಾನು ಒದ್ದೆ ಪಂಚೆಯ ಅಂಚು ಹಿಂಡುತ್ತ ಕುಳಿತೆ. ಅನಂತರಾಮಯ್ಯನವರು ನಿಧಾನವಾಗಿ ತಮ್ಮ ಹೆಂಡತಿಯ ಕಡೆ ತಿರುಗಿದರು. ಅವರ ಮುಖದಲ್ಲಿ ಒಂದು ಬೆಳಕಿತ್ತು.

"ಯಾರೂ ಸತ್ತಿಲ್ಲವಂತೆ ಕಣೇ" ಎಂದರು. "ಕೇಳಿಸ್ತು ನನಗೆ! ಪ್ರತಿಯೊಂದು ಮಾತೂ ಕೇಳಿಸ್ತು!"

ಹುಡುಗನ ತಾಯಿಯ ಕಣ್ಣು ಒದ್ದೆಯಾಯಿತು. ಆಗ ನಮಗೆ ವಿಷಯ ಗೊತ್ತಾಯಿತು. ಅನಂತರಾಮಯ್ಯನವರ ಕಿವಿ ಮಂದವಾಗಿ ವರ್ಷಗಳಾಗಿದ್ದವಂತೆ. ಹೊರಗೆ ಯಾರಿಗೂ ಹೇಳಿರಲಿಲ್ಲವಂತೆ. ನೋಡಿದ ಹುಡುಗಿಯರೆಲ್ಲ ತಲೆ ತಗ್ಗಿಸಿ ಪಿಸುಗುಟ್ಟುವವರೇ.

"ಎಲ್ಲ ಕಡೆ ಮೂಗಿಯರನ್ನೇ ತೋರಿಸ್ತಾರಲ್ಲ ಅಂತ ನನಗೆ ಬೇಜಾರಾಗಿತ್ತು" ಎಂದರು ಅನಂತರಾಮಯ್ಯನವರು. ಆಮೇಲೆ ವಿಮಲಳ ಕಡೆ ತಿರುಗಿ, "ಮಗೂ, ನೀನು ಆಗ ಒಳಗಡೆ ನಿಂತು ಏನೋ ಅಂದೆಯಲ್ಲ, ಏನದು?" ಎಂದು ಕೇಳಿದರು.

"ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ ಅಂದೆ!" ಎಂದಳು ವಿಮಲ, ತನ್ನ ಸಹಜ ಧ್ವನಿಯಲ್ಲಿ.

"ಜಾಸ್ತಿ ಹಾಕಮ್ಮ" ಎಂದರು ಅವರು. ಮೇಷ್ಟ್ರು ಹುಡುಗ ಬಾಗಿಲ ಕಡೆ ನೋಡಿ ನಗುತ್ತಿದ್ದ. ರಾಹುಕಾಲ ಬರುವುದಕ್ಕೆ ಮುಂಚೆ ಮಾತು ಮುಗಿಯಿತು. ನನ್ನ ಮಣಿಕಟ್ಟಿನ ಗಂಟನ್ನು ಮಾತ್ರ ಕಮಲ ಈಳಿಗೆಮಣೆಯಲ್ಲಿ ಕೊಯ್ದು ಬಿಡಿಸಬೇಕಾಯಿತು. ಶೇಷಗಿರಿರಾಯರು, "ನಾನು ಹೇಳ್ಲಿಲ್ವೇ? ಬಿಟ್ಟು ಹೋಗೋ ಮಾತೇ ಇಲ್ಲ ಅಂತ!" ಎಂದು ಹೆಮ್ಮೆಯಿಂದ ನೋಡುತ್ತ ನಿಂತಿದ್ದರು.

ನಾನು ಮಾರನೆಯ ದಿನ ಕಛೇರಿಗೆ ಹೋಗಲಿಲ್ಲ. ಏಳಲಾಗಲಿಲ್ಲ. ದಿವಾನ ಎದ್ದು ತನ್ನ ಮಾಮೂಲು ಸರ್ಕೀಟಿಗೆ ಹೋಗಿಬಂದ.

ಮುಂದಿನ ವಾರದ ಕೊನೆಯಲ್ಲಿ ಒಂದು ಬೆಳಿಗ್ಗೆ ನಮ್ಮ ಮನೆಯ ಮುಂದೆ ಇಮಾಂ ಸಾಬಿಯ ಜಟಕಾ ಬಂದು ನಿಂತಿತು. ಮಂಡಿ ಯಜಮಾನರ ಹಿರಿಮಗ ಇಳಿದು ಬಂದು ಕೈಮುಗಿದ. ಅಂದು ಅವನ ತಂದೆಯ ತಿಥಿಯಂತೆ. ಊಟಕ್ಕೆ ಕರೆಯಲು ಬಂದಿದ್ದ.

"ನೀವು ಬರಬೇಕು ಸಾಮಿ" ಎಂದ. ನನ್ನ ಎದೆ ತುಂಬಿ ಬಂತು. ಹೆಗಲು ಕೊಟ್ಟವನನ್ನು ನೆನೆದಿದ್ದಾರಲ್ಲ!

"ನಾಯಿ ಒಂದೇ ಬರಕಿಲ್ವಲ್ಲ, ಅದ್ಕೇ" ಎಂದ.

ಜಟಕಾದೊಳಗೆ ಬಾಳೆಎಲೆಯ ಕಟ್ಟುಗಳೂ ಪುರಿಯ ಮೂಟೆಗಳೂ ತುಂಬಿದ್ದವು. ಹಿರಿಮಗ ಮುಂದೆ ಇಮಾಂ ಸಾಬಿಯ ಪಕ್ಕ ಕುಳಿತ. ಹಿಂದೆ ಒಬ್ಬರಿಗೆ ಮಾತ್ರ ಜಾಗವಿತ್ತು.

ದಿವಾನ ಹತ್ತಿ ಕುಳಿತ. ನಾನು ಹಿಂದೆ ನಡೆದೆ.